ಹೊಲಿದು ಉಳಿಸಿದ ಚಿತ್ರ

ಮಂತ್ರಿಯೊಬ್ಬ ಇಸ್ಪೀಟಿನ ಎಲೆಗಳನ್ನು ಕಲಸುತ್ತಿದ್ದಾನೆ. ಉದ್ದುದ್ದ ಬೆರಳುಗಳು, ಬೆರಳಿನ ತುಂಬ ಉಂಗುರಗಳು. ಎಲೆಗಳು ಒಂದು ಕೈಯಿಂದ ಇನ್ನೊಂದು ಕೈಗೆ ಕಮಾನು ಕಟ್ಟಿ ಹಾರುತ್ತವೆ, ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ, ಮರುಗಳಿಗೆಯಲ್ಲೇ ಮಡಚಿ ಕಟ್ಟಾಗುತ್ತವೆ. ಪರದೆಯ ಮೇಲೆ ಇದೆಲ್ಲ ಕೆಲವೇ ಸೆಕೆಂಡುಗಳ ಆಟ. ಆದರೆ ಹಾರುವ ಒಂದೊಂದು ಎಲೆಯ ಒಂದೊಂದು ನೆಲೆಯನ್ನೂ ಕೈಯಲ್ಲಿ ಪೆನ್ಸಿಲ್ ಹಿಡಿದು ಬಿಡಿಸಲಾಗಿದೆ. ಆ ಮಂತ್ರಿಯ ಹೆಸರು ಜಿಗ್‌ಜ್ಯಾಗ್. ಚಿತ್ರ ‘ದಿ ಥೀಫ್ ಅಂಡ್ ದಿ ಕಾಬ್ಲರ್’, ಅಂದರೆ ಒಬ್ಬ ಕಳ್ಳ ಮತ್ತು ಒಬ್ಬ ಮೋಚಿಯ ಕಥೆ. ಕೆನಡಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ರಿಚರ್ಡ್ ವಿಲಿಯಮ್ಸ್ ಈ ಚಿತ್ರವನ್ನು 1964ರಲ್ಲಿ ಕೈಗೆತ್ತಿಕೊಂಡರು. 1992ರಲ್ಲಿ, ಹತ್ತು ಹದಿನೈದು ನಿಮಿಷಗಳ ಕೆಲಸ ಬಾಕಿ ಇರುವಾಗ, ಅದು ಅವರ ಕೈತಪ್ಪಿ ಹೋಯಿತು. ಮುಂದೆ ಆ ಚಿತ್ರವನ್ನು ಅದರ ಮೂಲ ರೂಪಕ್ಕೆ ಹತ್ತಿರ ತಂದದ್ದು ಯಾವ ಸ್ಟುಡಿಯೊ ಕೂಡ ಅಲ್ಲ, ಒಬ್ಬ ಅಭಿಮಾನಿ. ಕೈಗೆ ಸಿಕ್ಕಿದ ಕೆಟ್ಟ ಪ್ರತಿಗಳನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ಅವರು ಆ ಕೆಲಸ ಮಾಡಿದರು. ಹಾಳಾದ ಪ್ರತಿಗಳಿಂದ ಮೂಲವನ್ನು ಮರಳಿ ಪಡೆಯುವುದು ಹೇಗೆ ಸಾಧ್ಯ ಎಂಬುದೇ ಈ ಅಧ್ಯಾಯದ ವಿಷಯ.

ಮೊದಲು ಲೆಕ್ಕ. ಸಿನಿಮಾ ರೀಲು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. 80 ನಿಮಿಷದ ಚಿತ್ರವೆಂದರೆ 1,15,200 ಚೌಕಟ್ಟುಗಳು. ಈ ಬಿಡಿ ಚಿತ್ರಗಳು ನಮಗೆ ಚಲನೆಯಾಗಿ ಕಾಣುವುದಕ್ಕೆ ಕಣ್ಣಿನೊಳಗೆ ಹಿಂದಿನ ಚಿತ್ರದ ಛಾಯೆ ಒಂದಷ್ಟು ಹೊತ್ತು ಉಳಿಯುವುದೇ ಕಾರಣ ಎಂದು ಶಾಲೆಯ ಪುಸ್ತಕಗಳು ಹೇಳುತ್ತಿದ್ದವು. ಆ ವಿವರಣೆ ಸಾಲದು. ಛಾಯೆ ಉಳಿಯುವುದೇ ಕಾರಣವಾಗಿದ್ದರೆ ನಮಗೆ ಒಂದರ ಮೇಲೊಂದು ಬಿದ್ದ ಚಿತ್ರಗಳ ಕಲಸುಮೇಲೋಗರ ಕಾಣಬೇಕಿತ್ತೇ ಹೊರತು ಚಲನೆಯಲ್ಲ. ಇಲ್ಲೊಂದು, ಅಲ್ಲೊಂದು ದೀಪವನ್ನು ಸರಿಯಾದ ಅಂತರ ಕೊಟ್ಟು ಬೆಳಗಿಸಿ ಆರಿಸಿದರೆ, ದೀಪವೇ ಇಲ್ಲಿಂದ ಅಲ್ಲಿಗೆ ಓಡಿದಂತೆ ಕಾಣುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ದೈಮರ್ 1912ರಲ್ಲಿ ತೋರಿಸಿಕೊಟ್ಟರು. ಚಲನೆಯನ್ನು ಗುರುತಿಸುವುದು ಮಿದುಳಿನ ಕೆಲಸ. ಅದಕ್ಕೆ ಸಾಕಷ್ಟು ಸುಳಿವು ಕೊಟ್ಟರೆ ನಡುವಿನ ದಾರಿಯನ್ನು ಅದೇ ತುಂಬಿಕೊಳ್ಳುತ್ತದೆ.

ಅನಿಮೇಶನ್ ಮಾಡುವವರು ಮಿದುಳಿನ ಈ ಔದಾರ್ಯವನ್ನೇ ನಂಬಿಕೊಂಡು ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿನ ಕಾಲ ನಿಲ್ಲಿಸುತ್ತಾರೆ. ಆಗ ಸೆಕೆಂಡಿಗೆ 12 ಚಿತ್ರ ಬಿಡಿಸಿದರೆ ಸಾಕು, ಅರ್ಧ ಕೆಲಸ ಉಳಿಯಿತು. ಬಹುಪಾಲು ಕಾರ್ಟೂನುಗಳು ನಡೆಯುವುದು ಹೀಗೆಯೇ. ಆದರೆ ಪಾತ್ರ ನಡೆಯುತ್ತಿರುವಾಗ ಕ್ಯಾಮೆರಾ ಕೂಡ ಅದರ ಜೊತೆ ಚಲಿಸುತ್ತಿದ್ದರೆ ತೊಂದರೆ ಶುರುವಾಗುತ್ತದೆ. ಹಿನ್ನೆಲೆಯ ಗೋಡೆ ಪ್ರತಿ ಚೌಕಟ್ಟಿಗೂ ಸರಿಯುತ್ತದೆ, ಪಾತ್ರ ಮಾತ್ರ ಒಂದು ಬಿಟ್ಟು ಒಂದಕ್ಕೆ. ಕಾಲು ನೆಲಕ್ಕೆ ಅಂಟದೆ ಜಾರಿದಂತೆ ಕಾಣುತ್ತದೆ, ಇಡೀ ಆಕೃತಿ ಸಣ್ಣಗೆ ನಡುಗುತ್ತದೆ. ವಿಲಿಯಮ್ಸ್ ಇದನ್ನು ಒಪ್ಪಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಚೌಕಟ್ಟಿಗೆ ಒಂದು ಚಿತ್ರ, ಸೆಕೆಂಡಿಗೆ 24. ಅದೂ ಅಗಲ ಪರದೆಯಲ್ಲಿ, ಪರ್ಶಿಯಾದ ಮಿನಿಯೇಚರ್ ವರ್ಣಚಿತ್ರಗಳ ಹಾಗೆ ಮೈತುಂಬ ಕುಸುರಿ ಇರುವ ಅರಮನೆಗಳ ನಡುವೆ, ಕಂಪ್ಯೂಟರ್ ಇಲ್ಲದೆ. ನೆಲದ ಕಪ್ಪುಬಿಳುಪು ಚೌಕಗಳ ಮೇಲೆ ಕಳ್ಳನೂ ಮೋಚಿಯೂ ಓಡುವ ದೃಶ್ಯದಲ್ಲಿ ಯಾವುದು ಗೋಡೆ, ಯಾವುದು ಮೆಟ್ಟಿಲು, ಯಾವುದು ಬರೀ ವಿನ್ಯಾಸ ಎಂದು ಕಣ್ಣು ಸೋತುಹೋಗುತ್ತದೆ. ಇಂಥ ಜಾಗದಲ್ಲಿ ಒಂದು ಗೆರೆ ಒಂದಿಷ್ಟು ತಪ್ಪಿದರೂ ಇಡೀ ಭ್ರಮೆ ಕುಸಿಯುತ್ತದೆ. 28 ವರ್ಷ ಹಿಡಿದದ್ದಕ್ಕೆ ಹಟಮಾರಿತನ ಒಂದು ಕಾರಣ ನಿಜ. ಆದರೆ ಆ ಹಟದ ಹಿಂದೆ ದೃಷ್ಟಿವಿಜ್ಞಾನದ ಗಟ್ಟಿ ತರ್ಕವೂ ಇತ್ತು ಎಂಬುದನ್ನು ಮರೆತು ಅವರನ್ನು ಬರಿಯ ಸಮಯಗೇಡಿ ಎನ್ನುವುದು ಅನ್ಯಾಯ.

ಚಿತ್ರ ಹುಟ್ಟಿದ್ದು ಮುಲ್ಲಾ ನಸ್ರುದ್ದೀನನ ಕಥೆಗಳಿಂದ. ಇದ್ರಿಸ್ ಶಾ ಅವರ ನಸ್ರುದ್ದೀನ್ ಪುಸ್ತಕಗಳಿಗೆ ವಿಲಿಯಮ್ಸ್ ಚಿತ್ರ ಬರೆಯುತ್ತಿದ್ದರು. 1970ರ ದಶಕದ ಆರಂಭದಲ್ಲಿ ಶಾ ಕುಟುಂಬದೊಡನೆ ಹಣ ಮತ್ತು ಹಕ್ಕಿನ ವಿಚಾರಕ್ಕೆ ಮನಸ್ತಾಪವಾಗಿ ನಸ್ರುದ್ದೀನನನ್ನೇ ಕೈಬಿಡಬೇಕಾಯಿತು. ಉಳಿದದ್ದು ಕಳ್ಳ, ಮಂತ್ರಿ, ಅರಮನೆ. ಅವುಗಳ ಸುತ್ತ ಹೊಸ ಕಥೆ ಹೆಣೆದರು: ಮೂರು ಚಿನ್ನದ ಗುಂಡುಗಳು ಕಾಯುವ ಊರು, ಅವನ್ನು ಕದಿಯುವ ಕಳ್ಳ, ಬಾಯಲ್ಲಿ ಮೊಳೆ ಕಚ್ಚಿಕೊಂಡಿರುವ ಮೋಚಿ ಟ್ಯಾಕ್. ಇಬ್ಬರೂ ಮಾತಾಡುವವರಲ್ಲ. ಕೊನೆಗೆ ಮೋಚಿಯ ಒಂದೇ ಒಂದು ಮೊಳೆಯಿಂದ ಶತ್ರುವಿನ ಬೃಹತ್ ಯುದ್ಧಯಂತ್ರ ತನ್ನನ್ನು ತಾನೇ ಪುಡಿ ಮಾಡಿಕೊಳ್ಳುತ್ತದೆ, ಕಳ್ಳ ಮಾತ್ರ ಅದರ ಚಕ್ರ, ಗರಗಸಗಳ ನಡುವೆ ಏನೂ ಆಗದವನಂತೆ ಹಾದುಹೋಗುತ್ತಾನೆ. ಕಳ್ಳನ ಬಹುಪಾಲು ದೃಶ್ಯಗಳನ್ನು ಮಾಡಿದ ಕೆನ್ ಹ್ಯಾರಿಸ್ ವಾರ್ನರ್ ಕಂಪೆನಿಯ ಹಳೆಯ ಕಾರ್ಟೂನುಗಳಲ್ಲಿ ಪಳಗಿದವರು. ಅವರು ತೀರಿಕೊಂಡದ್ದು 1982ರಲ್ಲಿ, ಚಿತ್ರ ಮುಗಿಯುವ ಸೂಚನೆಯೇ ಇಲ್ಲದಾಗ.

ವಿಲಿಯಮ್ಸ್ ಅವರ ಸ್ಟುಡಿಯೊದ ಖರ್ಚಿಗೆ ಜಾಹೀರಾತುಗಳು, ‘ಪಿಂಕ್ ಪ್ಯಾಂಥರ್’ ಸರಣಿಯ ಶೀರ್ಷಿಕೆ ಚಿತ್ರಿಕೆಗಳು. ಮಿಕ್ಕ ವೇಳೆಯಲ್ಲಿ ಕಳ್ಳ ಮತ್ತು ಮೋಚಿ. ಸೌದಿಯ ರಾಜಕುಮಾರರೊಬ್ಬರು ಹಣ ಹಾಕಲು ಮುಂದೆ ಬಂದು, ಯುದ್ಧಯಂತ್ರದ ದೃಶ್ಯವನ್ನು ಮೆಚ್ಚಿಕೊಂಡು, ಗಡುವೂ ಲೆಕ್ಕವೂ ಮೀರಿದ್ದನ್ನು ಕಂಡು ಹಿಂದೆ ಸರಿದರು. 1988ರ ‘ಹೂ ಫ್ರೇಮ್ಡ್ ರೋಜರ್ ರ್‍ಯಾಬಿಟ್’ ವಿಲಿಯಮ್ಸ್ ಅವರಿಗೆ ಎರಡು ಆಸ್ಕರ್ ತಂದುಕೊಟ್ಟಿತು, ಅದರ ಬಲದಿಂದ ವಾರ್ನರ್ ಬ್ರದರ್ಸ್ ಜೊತೆ ಒಪ್ಪಂದವಾಯಿತು. ಒಪ್ಪಂದದ ಜೊತೆಗೆ ಚಿತ್ರ ಮುಗಿಯುವುದಕ್ಕೆ ಜಾಮೀನು ನಿಲ್ಲುವ ಕಂಪೆನಿಯೂ ಬಂತು. ಚಿತ್ರ ಸಮಯಕ್ಕೆ ಮುಗಿಯದಿದ್ದರೆ ಅದನ್ನು ವಶಕ್ಕೆ ತೆಗೆದುಕೊಂಡು ಬೇರೆಯವರಿಂದ ಮುಗಿಸುವ ಹಕ್ಕು ಆ ಕಂಪೆನಿಗೆ. 1992ರ ಮೇ 13ರಂದು ವಿಲಿಯಮ್ಸ್ ವಾರ್ನರ್‌ನವರಿಗೆ ಒಂದು ಕೆಲಸದ ಪ್ರತಿ ತೋರಿಸಿದರು. ಮುಗಿದ ಭಾಗಗಳಿಗೆ ಬಣ್ಣ, ಮುಗಿಯದ ಕಡೆ ಪೆನ್ಸಿಲ್ ಗೆರೆ, ಅದೂ ಇಲ್ಲದ ಕಡೆ ಕಥಾಫಲಕದ ನಿಂತ ಚಿತ್ರ. ವಾರ್ನರ್ ಕೈ ಎತ್ತಿತು, ಜಾಮೀನು ಕಂಪೆನಿ ಚಿತ್ರವನ್ನು ವಶಪಡಿಸಿಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ, ಇಂಥದ್ದೇ ಅರಮನೆ, ಕಳ್ಳ, ಮಂತ್ರಿಗಳಿರುವ ಡಿಸ್ನಿಯ ‘ಅಲ್ಲಾದೀನ್’ ಬಂತು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಹೇಳಲು ಸಂಕಟವಾಗುತ್ತದೆ. ಫ್ರೆಡ್ ಕ್ಯಾಲ್ವರ್ಟ್ ಎಂಬ ನಿರ್ಮಾಪಕರ ಕೈಯಲ್ಲಿ ಹಲವು ದೃಶ್ಯಗಳಿಗೆ ಕತ್ತರಿ ಬಿತ್ತು, ಹಾಡುಗಳು ಸೇರಿದವು. 1993ರಲ್ಲಿ ‘ದಿ ಪ್ರಿನ್ಸೆಸ್ ಅಂಡ್ ದಿ ಕಾಬ್ಲರ್’ ಎಂಬ ಹೆಸರಿನಲ್ಲಿ ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳಲ್ಲಿ ತೆರೆ ಕಂಡಿತು. 1995ರಲ್ಲಿ ಮಿರಾಮ್ಯಾಕ್ಸ್ ಇನ್ನಷ್ಟು ಕತ್ತರಿಸಿ, ಮೌನಿಯಾಗಿದ್ದ ಕಳ್ಳನ ಬಾಯಿಗೆ ಎಡೆಬಿಡದ ಸ್ವಗತ ತುರುಕಿ, ‘ಅರೇಬಿಯನ್ ನೈಟ್’ ಎಂದು ಬಿಡುಗಡೆ ಮಾಡಿತು.

ಆದರೆ ಮೇ 13ರ ಆ ಕೆಲಸದ ಪ್ರತಿ ಅಷ್ಟರಲ್ಲಿ ವಿಡಿಯೊ ಕ್ಯಾಸೆಟ್ಟಿಗೆ ಇಳಿದಿತ್ತು. ಅನಿಮೇಶನ್ ಕಲಾವಿದರು ಒಬ್ಬರಿಂದ ಒಬ್ಬರು ಪ್ರತಿ ಮಾಡಿಕೊಂಡು ಅದನ್ನು ಹಂಚುತ್ತಿದ್ದರು. ಕ್ಯಾಸೆಟ್ಟಿನ ಪ್ರತಿ, ಆ ಪ್ರತಿಯ ಪ್ರತಿ. ಬಂಟ್ವಾಳ, ಬೆಳ್ತಂಗಡಿ ಕಡೆಯ ಯಕ್ಷಗಾನ ಪ್ರೇಮಿಗಳಿಗೆ ಈ ಕ್ರಮ ಚೆನ್ನಾಗಿ ಗೊತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಎಷ್ಟೋ ಮನೆಗಳಿಗೆ ತಲುಪಿದ್ದು ಹೀಗೆ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹಾದುಬಂದೇ. ಪ್ರತಿ ಸಲ ಇಳಿಸಿದಾಗಲೂ ಟೇಪಿನ ಬುಸುಗುಟ್ಟುವಿಕೆ ಸ್ವಲ್ಪ ಹೆಚ್ಚುತ್ತದೆ, ಚೆಂಡೆಯ ಪೆಟ್ಟಿನ ಮೊನೆ ಸ್ವಲ್ಪ ಮೊಂಡಾಗುತ್ತದೆ. ಇದು ಅನಲಾಗ್ ಪ್ರತಿಯ ಹುಟ್ಟುಗುಣ. ಕಾಂತೀಯ ಪಟ್ಟಿಯಲ್ಲಿ ಸಂಕೇತ ಒಂದು ಏರಿಳಿತವಾಗಿ ಕುಳಿತಿರುತ್ತದೆ. ಯಂತ್ರ ಆ ಏರಿಳಿತವನ್ನೂ ಅದಕ್ಕೆ ಅಂಟಿದ ಗದ್ದಲವನ್ನೂ ಬೇರ್ಪಡಿಸಲಾರದು, ಎರಡನ್ನೂ ಸೇರಿಸಿ ನಕಲು ಮಾಡಿ ತನ್ನ ಪಾಲಿನ ಗದ್ದಲವನ್ನೂ ಕೂಡಿಸುತ್ತದೆ. ಡಿಜಿಟಲ್ ಪ್ರತಿಯಲ್ಲಿ ಇರುವುದು ಸೊನ್ನೆ, ಒಂದುಗಳು ಮಾತ್ರ. ಸ್ವಲ್ಪ ಮಾಸಿದ ಒಂದು ಕೂಡ ಒಂದೇ ಎಂದು ಯಂತ್ರ ತೀರ್ಮಾನಿಸಿ ಹೊಸದಾಗಿ ಬರೆಯುವುದರಿಂದ ಸಾವಿರನೆಯ ಪ್ರತಿಯೂ ಮೊದಲಿನಂತೆಯೇ ಇರಬಲ್ಲದು. ವಿಎಚ್‌ಎಸ್ ಟೇಪಿನಲ್ಲಿ ಬೆಳಕಿನ ವಿವರ ಅಡ್ಡಸಾಲಿಗೆ ಸುಮಾರು 240 ಗೆರೆಗಳಷ್ಟು ಮಾತ್ರ ಹಿಡಿಯುತ್ತದೆ, ಬಣ್ಣದ ವಿವರ ಅದಕ್ಕಿಂತ ಬಹಳ ಕಡಿಮೆ. ಕುಸುರಿಯೇ ಪ್ರಾಣವಾದ ಚಿತ್ರ ಅದರಲ್ಲಿ ಹೇಗೆ ಕಂಡಿರಬೇಕು ಊಹಿಸಿಕೊಳ್ಳಿ.

ಈ ಮಂಕು ಟೇಪು ಒಂದು ಕಡೆ. ಇನ್ನೊಂದು ಕಡೆ ಅಂಗಡಿಯಲ್ಲಿ ಸಿಗುತ್ತಿದ್ದ, ನೋಡಲು ಚೊಕ್ಕಟವಾದ, ಆದರೆ ಕತ್ತರಿಸಿ ಕುಲಗೆಡಿಸಿದ ಡಿವಿಡಿಗಳು. ಅಮೆರಿಕದ ಗ್ಯಾರೆಟ್ ಗಿಲ್‌ಕ್ರಿಸ್ಟ್ ಎಂಬ ಅಭಿಮಾನಿ ಇವೆರಡನ್ನೂ ಕೂಡಿಸಿದರು. ಅನುಕ್ರಮಕ್ಕೆ, ಧ್ವನಿಗೆ, ಕಳೆದುಹೋದ ದೃಶ್ಯಗಳಿಗೆ ಟೇಪು ಆಧಾರ. ಸ್ಪಷ್ಟತೆಗೆ, ಬಣ್ಣಕ್ಕೆ ಜಪಾನಿನಲ್ಲಿ ಬಂದಿದ್ದ ಅಗಲ ಪರದೆಯ ಡಿವಿಡಿ. ಅಲ್ಲೂ ಇಲ್ಲದ ತುಣುಕಿಗೆ ಆಸ್ಟ್ರೇಲಿಯದ ಪ್ರತಿ. ಹೀಗೆ ಹೊಲಿದ ಮೊದಲ ಆವೃತ್ತಿ ‘ರಿಕಾಬಲ್ಡ್ ಕಟ್’ 2006ರಲ್ಲಿ ಹೊರಬಂತು. ಮೋಚಿಯ ಚಿತ್ರಕ್ಕೆ ಒಪ್ಪುವ ಹೆಸರು.

ಹೊಲಿಯುವುದೆಂದರೆ ಸುಲಭವಲ್ಲ, ಯಾಕೆಂದರೆ ಒಂದೊಂದು ಪ್ರತಿಯೂ ಒಂದೊಂದು ಗತಿಯಲ್ಲಿ ಓಡುತ್ತದೆ. ಆಸ್ಟ್ರೇಲಿಯದ ಹಳೆಯ ಟಿವಿ ಪದ್ಧತಿ ಪಾಲ್, ನಮ್ಮ ದೂರದರ್ಶನದ್ದೂ ಅದೇ ಆಗಿತ್ತು. ಅದು ಸೆಕೆಂಡಿಗೆ 25 ಚೌಕಟ್ಟು ತೋರಿಸುತ್ತಿತ್ತು. 24ರ ಸಿನಿಮಾವನ್ನು ಅದಕ್ಕೆ ಇಳಿಸುವಾಗ ಸಾಮಾನ್ಯವಾಗಿ ಮಾಡುತ್ತಿದ್ದುದು, ಇಡೀ ಚಿತ್ರವನ್ನೇ ಶೇಕಡಾ 4ರಷ್ಟು ವೇಗವಾಗಿ ಓಡಿಸಿಬಿಡುವುದು. ಎರಡೂವರೆ ಗಂಟೆಯ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ, ಹಾಡಿನ ಶ್ರುತಿ ಅರ್ಧಸ್ವರದ ಮುಕ್ಕಾಲು ಭಾಗದಷ್ಟು ಏರುತ್ತದೆ. ಅಮೆರಿಕ, ಜಪಾನುಗಳ ಹಳೆಯ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 30 ಚೌಕಟ್ಟು. ಅಲ್ಲಿ ನಾಲ್ಕು ಸಿನಿಮಾ ಚೌಕಟ್ಟುಗಳನ್ನು ಅರ್ಧರ್ಧ ಸೀಳಿ ಐದು ಮಾಡುತ್ತಿದ್ದರು. ಆ ಐದರಲ್ಲಿ ಎರಡು, ಪಕ್ಕದ ಎರಡು ಚಿತ್ರಗಳ ಬೆರಕೆ. ಇದನ್ನು ಬಿಡಿಸಿ ಮತ್ತೆ 24ಕ್ಕೆ ತರಬೇಕು. ಮೇಲಾಗಿ ಟಿವಿಯ ಚೌಕಕ್ಕೆ ಒಗ್ಗಿಸಲು ಅಗಲ ಚಿತ್ರದ ಎರಡೂ ಅಂಚುಗಳನ್ನು ಕತ್ತರಿಸಿದ ಪ್ರತಿಗಳಲ್ಲಿ ಮೂಲದ ಶೇಕಡಾ 43ರಷ್ಟು ಚಿತ್ರವೇ ಇರುವುದಿಲ್ಲ. ಒಂದು ಚೌಕಟ್ಟಿನ ನಡುಭಾಗ ಒಂದು ಪ್ರತಿಯಿಂದ, ಅಂಚು ಇನ್ನೊಂದರಿಂದ ಬರಬೇಕಾದಾಗ ಗಾತ್ರ, ಓರೆ, ಬಣ್ಣ ಮೂರೂ ಕೂಡಬೇಕು.

ಯಂತ್ರಕ್ಕೇ ಬಿಟ್ಟುಬಿಡಬಾರದೇಕೆ? ಇಲ್ಲಿ ಒಂದು ಸ್ವಾರಸ್ಯವಿದೆ. ಧೂಳು, ಗೀರು ಅಳಿಸುವ ತಂತ್ರಾಂಶದ ತರ್ಕ ಸರಳ: ಹಿಂದಿನ ಚೌಕಟ್ಟಿನಲ್ಲೂ ಇಲ್ಲ, ಮುಂದಿನದರಲ್ಲೂ ಇಲ್ಲ, ಈ ಒಂದರಲ್ಲಿ ಮಾತ್ರ ಒಂದು ಕಲೆ ಇದೆ ಎಂದರೆ ಅದು ಕೊಳೆ, ಒರೆಸಿಬಿಡು. ಮನುಷ್ಯರು ನಟಿಸಿದ ಚಿತ್ರಗಳಿಗೆ ಇದು ಬಹುಮಟ್ಟಿಗೆ ಸರಿ. ಆದರೆ ಜಿಗ್‌ಜ್ಯಾಗನ ಕೈಯಲ್ಲಿ ಹಾರುವ ಇಸ್ಪೀಟಿನ ಎಲೆ ಈ ಚೌಕಟ್ಟಿನಲ್ಲಿ ಇಲ್ಲಿದ್ದರೆ ಮುಂದಿನದರಲ್ಲಿ ಎಲ್ಲೋ ಇರುತ್ತದೆ. ಒಂದು ಚೌಕಟ್ಟಿಗೆ ಒಂದು ಚಿತ್ರ ಬಿಡಿಸಿದ್ದರಿಂದ ಅದರ ಗೆರೆ ಒಂದು ಜಾಗದಲ್ಲಿ ಬಾಳುವುದು ಸೆಕೆಂಡಿನ 24ರಲ್ಲಿ ಒಂದು ಪಾಲು ಮಾತ್ರ. ಯಂತ್ರದ ಕಣ್ಣಿಗೆ ಅದೂ ಧೂಳೇ. ಹಳೆಯ ಕಾರ್ಟೂನುಗಳನ್ನು ಹೀಗೆ ಯಂತ್ರಕ್ಕೆ ಒಪ್ಪಿಸಿ, ಓಡುವ ಪಾತ್ರಗಳ ಅಂಚುಗೆರೆಗಳೇ ಕರಗಿಹೋದ ಡಿವಿಡಿಗಳು ಮಾರುಕಟ್ಟೆಗೆ ಬಂದದ್ದುಂಟು. ಕಲಾವಿದನ ಅತಿ ಕಷ್ಟದ ಗೆರೆಯೇ ಯಂತ್ರಕ್ಕೆ ಮೊದಲು ಕಸವಾಗಿ ಕಾಣುವುದರಿಂದ ಇಂಥ ಚಿತ್ರವನ್ನು ಚೌಕಟ್ಟು ಚೌಕಟ್ಟಾಗಿ ಮನುಷ್ಯರ ಕಣ್ಣೇ ನೋಡಬೇಕು. ಮುಂದೆ ಅಪರೂಪದ 35 ಮಿಲಿಮೀಟರ್ ರೀಲಿನ ತುಣುಕುಗಳು ಸಿಕ್ಕಾಗ ಗಿಲ್‌ಕ್ರಿಸ್ಟ್ ಅವನ್ನು ಸೇರಿಸಿ ಕೆಲಸವನ್ನು ಮತ್ತೆ ಮಾಡಿದರು. ನಾಲ್ಕನೆಯ ಆವೃತ್ತಿ ಬಂದದ್ದು 2013ರಲ್ಲಿ.

ಹಲವು ಪ್ರತಿಗಳಿರುವುದರಿಂದ ಸಿಗುವ ಲಾಭವನ್ನು ಗಣಿತ ಹೀಗೆ ಹೇಳುತ್ತದೆ: ನಾಲ್ಕು ಪ್ರತಿಗಳ ಗದ್ದಲ ಒಂದಕ್ಕೊಂದು ಸಂಬಂಧವಿಲ್ಲದ್ದಾದರೆ, ಅವುಗಳ ಸರಾಸರಿಯಲ್ಲಿ ಗದ್ದಲ ಅರ್ಧಕ್ಕಿಳಿಯುತ್ತದೆ, ಮೂಲ ಸಂಕೇತ ಹಾಗೇ ಉಳಿಯುತ್ತದೆ. ಆದರೆ ಸಂಬಂಧವಿಲ್ಲದ್ದಾದರೆ ಎಂಬ ಆ ಷರತ್ತು ಬಹಳ ದೊಡ್ಡದು. ನಾಲ್ಕೂ ಪ್ರತಿಗಳು ಒಂದೇ ಕೆಟ್ಟ ಟೇಪಿನಿಂದ ಇಳಿದವಾದರೆ, ಆ ಟೇಪಿನ ತಪ್ಪು ನಾಲ್ಕರಲ್ಲೂ ಇರುತ್ತದೆ. ನಾಲ್ಕು ಸಾಕ್ಷಿಗಳಿದ್ದಂತೆ ಕಂಡರೂ ಸಾಕ್ಷಿ ಒಂದೇ.

ಈ ಷರತ್ತಿನ ಬೆಲೆ ಏನೆಂದು ತಿಳಿಯಲು ಮೂಡುಬಿದಿರೆಗೆ ಬರಬೇಕು. ಸಿದ್ಧಾಂತ ಬಸದಿ ಎಂದೂ ಕರೆಯುವ ಅಲ್ಲಿನ ಗುರುಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳಿದ್ದವು. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡದ್ದು. ಪುಷ್ಪದಂತ, ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಟೀಕೆಯೇ ಧವಲಾ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಎಣಿಕೆಯನ್ನು ಅದರಲ್ಲಿ ಅರ್ಧಚ್ಛೇದ ಎಂದು ಕರೆದಿದ್ದಾರೆ. ಇಂದು ಕಂಪ್ಯೂಟರ್ ವಿಜ್ಞಾನ ಮಾಹಿತಿಯನ್ನು ಬಿಟ್ ಲೆಕ್ಕದಲ್ಲಿ ಅಳೆಯುವುದು ಇದೇ ಎಣಿಕೆಯಿಂದ. ಇಷ್ಟು ಮುಖ್ಯವಾದ ಗ್ರಂಥ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಸಿಗುತ್ತಿತ್ತು, ಓದಿಗಲ್ಲ.

ಗರಿಗಳು ಹಾಳಾಗುತ್ತಿರುವುದನ್ನು ಕಂಡ ಸೊಲ್ಲಾಪುರ, ಮುಂಬಯಿಯ ಶ್ರಾವಕರು ಹಣ ಕೂಡಿಸಿದ ಮೇಲೆ 1896ರ ಸುಮಾರಿಗೆ ನಕಲು ಮಾಡುವ ಕೆಲಸ ಆರಂಭವಾಯಿತು. ಅದು ಮುಗಿದದ್ದು 1922ರಲ್ಲಿ. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳ ಬಳಿಕ ಗಜಪತಿ ಶಾಸ್ತ್ರಿಗಳು ಅದನ್ನು ಮುಂದುವರಿಸಿದರು. ನಕಲು ಊರು ಬಿಟ್ಟು ಹೋಗಬಾರದೆಂಬುದು ಕರಾರು. ಆದರೆ ಗಜಪತಿ ಶಾಸ್ತ್ರಿಗಳ ಪತ್ನಿ ಲಕ್ಷ್ಮೀಬಾಯಿ ಮನೆಯಲ್ಲಿ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಬರೆದುಕೊಂಡಿದ್ದರು. ಅದು ಉತ್ತರದ ಸಹಾರನ್‌ಪುರ ಸೇರಿತು. ಅಲ್ಲಿ ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳು ತಮಗೊಂದು ಪ್ರತಿ ಇಟ್ಟುಕೊಂಡರು. ಅದರಿಂದ ಆರಾ, ಕಾರಂಜಾ, ಅಮರಾವತಿಗಳಿಗೆ ಪ್ರತಿಗಳು ಹೋದವು. ಲಕ್ಷ್ಮೀಬಾಯಿಯವರ ಹೆಸರು ಈ ಗ್ರಂಥದ ಚರಿತ್ರೆಯಲ್ಲಿ ಎಲ್ಲೋ ಒಂದು ಸಾಲಿನಲ್ಲಿ ಬಂದುಹೋಗುತ್ತದೆ. ನನ್ನ ಪ್ರಕಾರ ಅವರಿಗೆ ಅಧ್ಯಾಯವೊಂದು ಸಲ್ಲಬೇಕು. ಕದ್ದು ಬರೆದ ಆ ಪ್ರತಿ ಇಲ್ಲದಿದ್ದರೆ ಧವಲಾ ಅಚ್ಚಾಗಿ ಲೋಕಕ್ಕೆ ಸಿಗಲು ಇನ್ನೆಷ್ಟು ಕಾಲ ಬೇಕಾಗುತ್ತಿತ್ತೋ.

ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಹೊರಬಂತು. ಆಗ ಸಂಪಾದಕರ ಮುಂದಿದ್ದ ಪ್ರತಿಗಳು ಹಲವು, ಆದರೆ ಅವೆಲ್ಲದರ ತಾಯಿ ಸಹಾರನ್‌ಪುರಕ್ಕೆ ಹೋದ ಆ ಒಂದೇ ಪ್ರತಿ. ಆದ್ದರಿಂದ ಒಂದರಲ್ಲಿ ಬಿಟ್ಟುಹೋದದ್ದು ಎಲ್ಲದರಲ್ಲೂ ಬಿಟ್ಟುಹೋಗಿತ್ತು. 93ನೆಯ ಸೂತ್ರ ಓದುವಾಗ, ಇಲ್ಲಿ ‘ಸಂಜದ’ ಎಂಬ ಪದ ಇರಲೇಬೇಕಿತ್ತು, ಇಲ್ಲದಿದ್ದರೆ ಟೀಕೆಯ ಮಾತು ಕೂಡುವುದಿಲ್ಲ ಎಂದು ಸಂಪಾದಕರಿಗೆ ಅನಿಸಿತು. ಯಾವ ಪ್ರತಿಯಲ್ಲೂ ಅದು ಇರಲಿಲ್ಲ. ಸೂತ್ರದೊಳಗೆ ಅದನ್ನು ಸೇರಿಸದೆ, ಇರಬೇಕೆಂದು ತೋರುತ್ತದೆ ಎಂದು ಅಡಿಟಿಪ್ಪಣಿಯಲ್ಲಿ ಹೇಳಿದರು. ಇದರ ಸುತ್ತ ದೊಡ್ಡ ವಾದವೇ ನಡೆಯಿತು. ಮುಂದೆ ಮೂಡುಬಿದಿರೆಯವರು ಮೂಲ ಗರಿಗಳೊಡನೆ ಹೋಲಿಸಿ ನೋಡಲು ಒಪ್ಪಿದರು. ಅಲ್ಲಿ ಆ ಪದ ಇತ್ತು.

ಗಿಲ್‌ಕ್ರಿಸ್ಟ್ ಮಾಡಿದ್ದೂ ಹೀರಾಲಾಲ್ ಜೈನ್ ಮಾಡಿದ್ದೂ ಒಂದೇ ವಿದ್ಯೆ. ಪ್ರತಿಗಳ ವಂಶಾವಳಿ ಹಾಕು, ಯಾವುದರ ಸಾಕ್ಷಿ ಸ್ವತಂತ್ರ ಎಂದು ಗುರುತಿಸು, ನೀನು ತುಂಬಿದ್ದನ್ನು ತುಂಬಿದ್ದೆಂದೇ ತೋರಿಸು. ರಿಕಾಬಲ್ಡ್ ಕಟ್ ನೋಡುತ್ತಿರುವಾಗ ಬಣ್ಣದ ಅರಮನೆ ಥಟ್ಟನೆ ಪೆನ್ಸಿಲ್ ಗೆರೆಗೆ ಇಳಿಯುತ್ತದೆ, ಗೆರೆಯೂ ನಿಂತ ಚಿತ್ರವಾಗುತ್ತದೆ. ಎಲ್ಲಿ ಏನು ಮುಗಿದಿರಲಿಲ್ಲ ಎಂಬುದು ನೋಡುವವನಿಗೆ ತಿಳಿಯುತ್ತದೆ. ಈಗ ನಡುವಿನ ಚಿತ್ರಗಳನ್ನು ತಾನೇ ಊಹಿಸಿ ಬಿಡಿಸುವ ಕೃತಕ ಬುದ್ಧಿಯ ತಂತ್ರಾಂಶಗಳು ಬಂದಿವೆ. ಅವು ಆ ಅಂತರಗಳನ್ನೆಲ್ಲ ನುಣ್ಣಗೆ ಮುಚ್ಚಬಲ್ಲವು. ಹಾಗೆ ಮುಚ್ಚಿದ ಪ್ರತಿ ಮೂಲವೆಂದು ಹರಡಿಕೊಂಡರೆ, ಅಡಿಟಿಪ್ಪಣಿಯನ್ನು ಸೂತ್ರದೊಳಕ್ಕೆ ಸೇರಿಸಿದ ಹಾಗಾಗುತ್ತದೆ ಎಂಬ ಭಯ ನನಗಿದೆ.

ಮೂಲವೇ ಸುರಕ್ಷಿತವಾಗಿದ್ದರೆ ಇಷ್ಟೆಲ್ಲ ಪಾಡು ಬೇಡ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಕ್ಯಾಮೆರಾ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. 1977ರ ಆ ಚಿತ್ರ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಎಲ್ಲಕ್ಕೂ ಆ ಭಾಗ್ಯವಿಲ್ಲ. ಬಣ್ಣದ ಹಳೆಯ ರೀಲುಗಳಲ್ಲಿ ಹಸಿರುನೀಲಿ ವರ್ಣದ್ರವ್ಯ ಬೇಗ ಮಾಸಿ ಚಿತ್ರವೆಲ್ಲ ಕೆಂಪಡರುತ್ತದೆ. ಸೆಖೆ, ತೇವ ಹೆಚ್ಚಿದರೆ ಅಸಿಟೇಟ್ ಪಟ್ಟಿ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ, ಡಬ್ಬಿ ತೆರೆದರೆ ವಿನೆಗರ್ ವಾಸನೆ. ಬಿಟ್ಟ ಆಮ್ಲವೇ ಮತ್ತಷ್ಟು ಪಟ್ಟಿಯನ್ನು ಒಡೆಯುತ್ತದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳೂ ಹಳೆಯ ಕ್ಯಾಮೆರಾಗಳೂ ಒಂದೇ ಸೂರಿನಡಿ ಇವೆ. ನಮ್ಮ ಆಟಿ ತಿಂಗಳ ಮಳೆ ಎರಡಕ್ಕೂ ಒಂದೇ ಶತ್ರು: ಗರಿಗೂ ಬೂಸು, ಮಸೂರಕ್ಕೂ ಬೂಸು.

ವಿಲಿಯಮ್ಸ್ ಎಷ್ಟೋ ವರ್ಷ ಈ ಚಿತ್ರದ ಬಗ್ಗೆ ಸಾರ್ವಜನಿಕವಾಗಿ ಮಾತಾಡಲಿಲ್ಲ. 2013ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ಆಸ್ಕರ್ ಅಕಾಡೆಮಿ ಮೇ 13ರ ಕೆಲಸದ ಪ್ರತಿಯನ್ನು, ಏನನ್ನೂ ತುಂಬದೆ, ಇದ್ದದ್ದು ಇದ್ದ ಹಾಗೆ ಪ್ರದರ್ಶಿಸಿದಾಗ ಅವರು ಬಂದಿದ್ದರು. ಆ ಪ್ರತಿಗೆ ‘ಎ ಮೊಮೆಂಟ್ ಇನ್ ಟೈಮ್’ ಎಂಬ ಉಪಶೀರ್ಷಿಕೆ ಕೊಡಲಾಗಿತ್ತು. ಎರಡು ವರ್ಷಗಳ ಮೇಲೆ ‘ಪ್ರೊಲಾಗ್’ ಎಂಬ ಆರು ನಿಮಿಷದ ಚಿತ್ರ ಮುಗಿಸಿದರು. ಗ್ರೀಕ್ ಯೋಧರ ಕಾಳಗವೊಂದನ್ನು ಪುಟ್ಟ ಹುಡುಗಿಯೊಬ್ಬಳು ನೋಡಿಬಿಡುವ ಕಥೆ. ಅದನ್ನೂ ಅವರು ಬಿಡಿಸಿದ್ದು ಕಾಗದದ ಮೇಲೆ ಪೆನ್ಸಿಲ್ಲಿನಿಂದಲೇ.